ಎರಡು ಮನೆಗೆ ಒಂದೇ ಗೋಡೆ

ನಾನು ಸಾವಳಗಿ ಕಡೆಯ ಹೊಲಮನೆಯಲ್ಲಿ ಬೆಳೆದವಳು. ನಮ್ಮವರೂ ಮೂಲದಲ್ಲಿ ನೇಕಾರರೇ, ಆದರೆ ಅಜ್ಜನ ಕಾಲಕ್ಕೇ ಮಗ್ಗ ಬಿಟ್ಟು ನೇಗಿಲು ಹಿಡಿದಿದ್ದರು. ಪಕ್ಕದ ಮನೆಯವರನ್ನು ಮಾತಾಡಿಸಬೇಕೆಂದರೆ ಬದುವಿನ ಮೇಲೆ ನಿಂತು ಕೂಗು ಹಾಕಬೇಕಿತ್ತು. ಅಂಥವಳನ್ನು ತಂದು ರಬಕವಿಯ ಒಂದು ಸಾಲುಮನೆಯೊಳಗೆ ಇಟ್ಟರು. ಇಟ್ಟರು ಎಂದೇ ಹೇಳುತ್ತೇನೆ. ಮೊದಲ ವರ್ಷ ನನಗೆ ಅನ್ನಿಸಿದ್ದು ಹಾಗೆಯೇ.

ಓಣಿಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಮಾಳಿಗೆ. ಕೆಳಗೆ ಎಷ್ಟು ಬಾಗಿಲುಗಳೋ ಅಷ್ಟು ಮನೆ, ಮೇಲೆ ಮಾತ್ರ ಎಲ್ಲರದೂ ಕೂಡಿ ಒಂದೇ ಮಣ್ಣಿನ ಬಯಲು. ಬೇಸಿಗೆಯಲ್ಲಿ ಹಪ್ಪಳ ಒಣಹಾಕಲು ಹತ್ತಿದವರು ಯಾರ ಮನೆ ಎಲ್ಲಿ ಮುಗಿಯಿತು ಎಂದು ತಿಳಿಯಬೇಕಾದರೆ ಬೆಳಕಿಂಡಿಗಳನ್ನು ನೋಡಬೇಕು. ಮಾಳಿಗೆಯಲ್ಲಿ ಬಿಟ್ಟ ದುಂಡನೆಯ ತೂತುಗಳು ಅವು, ಒಂದೊಂದು ಮನೆಗೆ ಒಂದೊಂದು. ಒಳಗಿನ ಮನೆಗೆ ಬೆಳಕು, ಗಾಳಿ ಎಲ್ಲ ಅಲ್ಲಿಂದಲೇ. ಮಳೆ ಬಂದರೆ ಮೇಲೆ ಹತ್ತಿ ಒಂದು ಗಡಿಗೆಯನ್ನು ಬೋರಲು ಹಾಕಿ ಬರುವುದು.

ಬಾಗಿಲು ಗಿಡ್ಡ. ಬಗ್ಗದೆ ಒಳಗೆ ಬಂದವರ ಹಣೆಗೆ ಹೊಸ್ತಿಲ ಮೇಲಿನ ತೊಲೆ ತಕ್ಕ ಮರ್ಯಾದೆ ಮಾಡುತ್ತದೆ. ನನಗೂ ಮದುವೆಯಾದ ದಿನವೇ ಮಾಡಿತ್ತು. ಒಳಗೆ ಬಂದ ಕೂಡಲೇ ಮಗ್ಗದ ಜಾಗ, ಒಂದು ಮೆಟ್ಟಿಲು ಮೇಲೆ ಪಡಸಾಲೆ, ಅದರಾಚೆ ಅಡುಗೆಮನೆ, ಹಗಲಲ್ಲೂ ದೀಪ ಬೇಕಾದ ದೇವರಕೋಣೆ, ಕೊನೆಗೆ ಒಂದು ತುಂಡು ಹಿತ್ತಲು. ಮಗ್ಗವೆಂದರೆ ಹಳೆಯ ಕುಣಿ ಮಗ್ಗ: ನೆಲದಲ್ಲಿ ಸೊಂಟಮಟ ಕಲ್ಲು ಕಟ್ಟಿದ ಕುಣಿ, ನೇಯುವವರು ಅದರ ಅಂಚಿಗೆ ಕುಳಿತು ಕಾಲು ಇಳಿಬಿಟ್ಟು ಕೆಳಗಿನ ಹಲಗೆ ತುಳಿಯಬೇಕು.

ಇಷ್ಟೆಲ್ಲ ಇದ್ದು, ಸ್ವಂತದ್ದು ಎನ್ನುವ ಗೋಡೆ ಮಾತ್ರ ಈ ಸಾಲಿನಲ್ಲಿ ಯಾರಿಗೂ ಇಲ್ಲ. ಎರಡು ಮನೆಗೆ ನಡುವೆ ಒಂದೇ ಗೋಡೆ, ಮೊಳಕ್ಕಿಂತ ದಪ್ಪ, ಕಲ್ಲಿನ ನಡುವೆ ಮಣ್ಣು ಮೆತ್ತಿದ್ದು. ನಮ್ಮ ತೊಲೆಯ ತುದಿ ಅದರೊಳಗೆ ಹೊಕ್ಕಿದ್ದರೆ ಮಗ್ಗುಲ ಮನೆಯ ತೊಲೆ ಆ ಕಡೆಯಿಂದ ಬಂದು ಅದಕ್ಕೇ ತಲೆ ಕೊಟ್ಟಿರುತ್ತದೆ. ಮಗ್ಗುಲ ಮನೆಯನ್ನು ಕಟ್ಟಿದ್ದೂ ನಮ್ಮದರ ತಿರುವು ಮುರುವು: ಅವರ ಮಗ್ಗದ ಕುಣಿ ನಮ್ಮ ಕುಣಿಯ ಆಚೆ ಬದಿಗೆ, ಅವರ ಪಡಸಾಲೆ ನಮ್ಮ ಪಡಸಾಲೆಯ ಬೆನ್ನಿಗೆ. ಗೋಡೆಯಲ್ಲಿ ಕೈ ತೂರುವಷ್ಟು ಒಂದು ಕಿಂಡಿ. ಆ ಕಿಂಡಿಯಿಂದ ಕೆಂಡ, ಹೆಪ್ಪಿಗೆ ಮಜ್ಜಿಗೆ, ಬಿಸಿರೊಟ್ಟಿ, ಚಾಡಿ, ಎಲ್ಲ ಹೋಗಿ ಬರುತ್ತಿದ್ದವು.

ನಾನು ಸೊಸೆಯಾಗಿ ಬಂದಾಗ ಓಣಿಯ ಬಹಳ ಮನೆಗಳಲ್ಲಿ ಕರೆಂಟಿನ ಮಗ್ಗ ಕೂತಾಗಿತ್ತು. ನಮ್ಮಲ್ಲೂ ಕುಣಿ ಮುಚ್ಚಿ ಎರಡು ಮಗ್ಗ ಇಳಿಸಿದ್ದರು. ಆ ಸಪ್ಪಳದಲ್ಲಿ ಮೊದಲ ತಿಂಗಳು ನಾನು ಅತ್ತದ್ದು ಯಾರಿಗೂ ಕೇಳಲಿಲ್ಲ, ಅದೊಂದು ಅನುಕೂಲ. ಕೈಮಗ್ಗ ಬಿಡದೆ ಉಳಿಸಿಕೊಂಡಿದ್ದವಳು ಮಗ್ಗುಲ ಮನೆಯಾಕೆ ಒಬ್ಬಳೇ. ನನ್ನ ಅತ್ತೆ ಆಕೆಯನ್ನು ತಂಗಿ ಎನ್ನುತ್ತಿದ್ದಳು, ಆಕೆ ಅತ್ತೆಯನ್ನು ಅಕ್ಕ ಎನ್ನುತ್ತಿದ್ದಳು. ರಕ್ತಸಂಬಂಧ ಏನೂ ಇರಲಿಲ್ಲ. ಇಬ್ಬರೂ ಒಂದೇ ವರ್ಷ ಆ ಸಾಲಿಗೆ ಸೊಸೆಯರಾಗಿ ಬಂದವರು, ಆಯುಷ್ಯವೆಲ್ಲ ಒಂದೇ ಗೋಡೆಗೆ ಬೆನ್ನು ಕೊಟ್ಟು ಕುಳಿತವರು.

ಆ ಓಣಿಯಲ್ಲಿ ಒಂದು ರೂಢಿಯಿತ್ತು. ಮಗ್ಗ ನಡೆಯುವಾಗ ಯಾರೂ ಕಿವಿ ಕೊಡುವುದಿಲ್ಲ, ನಿಂತಾಗ ಕೊಡುತ್ತಾರೆ. ನಡುವೆಯೇ ಸಪ್ಪಳ ಕಡಿದರೆ ಆಚೆಯವರು ಕಿಂಡಿಗೆ ಬಾಯಿ ಇಟ್ಟು ಕೇಳಲೇಬೇಕು. ಕೇಳದಿದ್ದರೆ ಅದು ಸತ್ತರೂ ಸರಿ ಎಂದಂತೆ. ದಿನಕ್ಕೆ ಎಷ್ಟೋ ಸಲ ನಾನು ಈ ಮಾತು ಕೇಳಿದ್ದೇನೆ.

"ಏ ತಂಗಿ, ಯಾಕ ನಿಂತತು?"

"ದಾರ ಹರದೈತಿ, ಯಕ್ಕಾ."

"ಬರಲೇನು?"

"ಬ್ಯಾಡ, ಹಾಕ್ಕೋತೇನಿ ಗಂಟ." ಕಣ್ಣು ಮಂಜಾದ ಮೇಲೆ ಕೆಲವೊಮ್ಮೆ, "ಬಾ" ಎನ್ನುತ್ತಿದ್ದಳು. ಅತ್ತೆ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದಳು. ನನಗೆ ಉರಿಯುತ್ತಿತ್ತು. ನನ್ನ ಒಲೆಯ ಮೇಲೆ ಹಾಲು ಉಕ್ಕಿದರೂ ಈಕೆಗೆ ಆಚೆಮನೆಯ ದಾರ ದೊಡ್ಡದು ಎಂದು ಗೊಣಗುತ್ತಿದ್ದೆ.

ಆಕೆ ತೀರಿಕೊಂಡದ್ದು ಜ್ವರದಲ್ಲಿ, ಹಾಸಿಗೆಯಲ್ಲಿ, ಎಲ್ಲರ ಎದುರಿಗೆ. ಅದರಲ್ಲಿ ಗುಟ್ಟು ಏನೂ ಇಲ್ಲ. ಆಮೇಲೆ ಆಕೆಯ ಮಗ ಸಂಸಾರ ಕಟ್ಟಿಕೊಂಡು ಜಮಖಂಡಿಗೆ ಹೋದ. ಮಗ್ಗವನ್ನು ಬಿಚ್ಚಿ ಮಾರಿದ, ಕುಣಿಯನ್ನು ಮಾರಲು ಬರುವುದಿಲ್ಲವಲ್ಲ, ಅದು ಹಾಗೇ ಉಳಿಯಿತು. ಹೋಗುವಾಗ ಹೆಗ್ಗಣ ಓಡಾಡುತ್ತವೆ ಎಂದು ಕಿಂಡಿಗೆ ತನ್ನ ಕಡೆಯಿಂದ ಇಟ್ಟಂಗಿ ಇಟ್ಟು ಮೆತ್ತಿದ. ಅಂದಿನಿಂದ ಅತ್ತೆ ತನ್ನ ಕೌದಿಯನ್ನು ಪಡಸಾಲೆಯ ನಡುವಿನಿಂದ ಎಳೆದು ಆ ಗೋಡೆಯ ಬುಡಕ್ಕೆ ಹಾಸಿಕೊಂಡಳು. ಹಗಲು ಅಲ್ಲೇ, ರಾತ್ರಿ ಅಲ್ಲೇ.

ಈ ಸಂಗತಿ ಶುರುವಾದದ್ದು ಮಣ್ಣೆತ್ತಿನ ಅಮಾವಾಸ್ಯೆಯ ದಿನ.

ಅಮಾವಾಸ್ಯೆಗೆ ನಮ್ಮ ಓಣಿಯಲ್ಲಿ ಮಗ್ಗ ಹೂಡುವುದಿಲ್ಲ. ಕೈಮಗ್ಗದ ಕಾಲದ ನೇಮ, ಕರೆಂಟಿನ ಮಗ್ಗಕ್ಕೂ ನಡೆದುಬಂದಿದೆ. ಹಿಂದಿನ ವಾರವೆಲ್ಲ ಮಳೆ ಹಿಡಿದು ಅವತ್ತು ಬಿಟ್ಟಿತ್ತು. ಮಧ್ಯಾಹ್ನ ಉಂಡು ಗಂಡಸರು ಅಡ್ಡಾಗಿದ್ದರು. ನಾನು ತವರಿನ ಚಟ ಬಿಡದೆ ಪಡಸಾಲೆಯಲ್ಲಿ ಕುಳಿತು ಹಸಿಮಣ್ಣಿನಿಂದ ಎತ್ತು ಮಾಡುತ್ತಿದ್ದೆ. ಯಾವ ಸಪ್ಪಳಕ್ಕೆ ಅತ್ತಿದ್ದೆನೋ ಅದು ಇಲ್ಲದ ದಿನ ಈಗ ನನಗೇ ಕಿವಿ ಬಿಕೋ ಎನ್ನುತ್ತದೆ. ಆ ಬಿಕೋದೊಳಗೆ ಗೋಡೆಯಿಂದ ಒಂದು ಸದ್ದು ಬಂತು.

ಖಟ್. ಸ್ವಲ್ಪ ತಡೆದು, ಖಟ್. ಮತ್ತೆ ಅಷ್ಟೇ ತಡೆದು, ಖಟ್.

ಮರಕ್ಕೆ ಕಲ್ಲು ತಾಗುವ ಸದ್ದು. ಹಲಗೆ ತುಳಿದು ಬಿಟ್ಟ ಹಾಗೆ, ಅವಸರವಿಲ್ಲದೆ, ವಯಸ್ಸಾದವರ ಕಾಲಿನ ಲಯದಲ್ಲಿ. ನಾನು ಅತ್ತೆಯ ಕಡೆ ನೋಡಿದೆ. ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕಣ್ಣು ತೆರೆದೇ ಇದ್ದವು, ಮುಖದ ಮೇಲೆ ಸಣ್ಣ ನಗೆ.

"ಅತ್ತಿ, ಇವತ್ತ ಅಮಾಸಿ ಐತ್ರಿ. ಯಾರ್ರಿ ಮಗ್ಗ ಹೂಡಿದವ್ರು?"

"ಮತ್ಯಾರು? ತಂಗಿ."

"ಅಮಾಸಿ ದಿನಾನ?"

"ಅಕಿಗೆ ಈಗ ಅಮಾಸಿ ಏನು, ಹುಣ್ಣಿವಿ ಏನು" ಎಂದಳು, ಅದರಲ್ಲಿ ಸೋಜಿಗವೇನೂ ಇಲ್ಲ ಎನ್ನುವ ದನಿಯಲ್ಲಿ. "ನಾಕೈದ ದಿನಾತು ಹಚ್ಚ್ಯಾಳ. ಮಿಷನ್ ಸಪ್ಪಳದಾಗ ನಿಮಗ ಕೇಳಿಲ್ಲ."

ನಾನು ಎದ್ದು ಗೋಡೆಗೆ ಅಂಗೈ ಇಟ್ಟೆ. ಸದ್ದಿನೊಂದಿಗೆ ಗೋಡೆಯೂ ತುಸು ನಡುಗಿದಂತೆ ಕೈಗೆ ಹತ್ತಿತು. ಮೈ ಜುಂ ಎಂದಿತು. ನನಗೆ ಹೆದರಿಕೆಯಾದಾಗ ಸಿಟ್ಟು ಬರುತ್ತದೆ, ಅದು ನನ್ನ ಹುಟ್ಟುಗುಣ. ಬೀಗ ಹಾಕಿದ ಮನೆಯಲ್ಲಿ ಯಾವ ಬೆಕ್ಕು ಏನು ಮಾಡುತ್ತಿದೆ ನೋಡೇಬಿಡುತ್ತೇನೆ ಎಂದು ಮಣ್ಣಿನ ಕೈಯಲ್ಲೇ ಹಿತ್ತಲಿನ ಏಣಿ ಹತ್ತಿದೆ.

ಮಾಳಿಗೆಯ ಮೇಲೆ ಒಂದು ನರಪಿಳ್ಳೆ ಇರಲಿಲ್ಲ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ನಾವೆಲ್ಲ ಮಾಳಿಗೆಗೆ ಹೊಸ ಮಣ್ಣು ಹಾಕಿ ಬಡಿಯುತ್ತೇವೆ. ಮಗ್ಗುಲ ಮನೆಯ ಪಾಲಿನದಕ್ಕೆ ಆಕೆ ಹೋದ ಮೇಲೆ ಯಾರೂ ಹಾಕಿರಲಿಲ್ಲ. ಹುಲ್ಲು ಎದ್ದಿತ್ತು, ನಡುವೆ ಮಾಳಿಗೆ ತಗ್ಗಿತ್ತು. ಬೆಳಕಿಂಡಿಯ ಮೇಲಿನ ಗಡಿಗೆ ಒಡೆದು ಅರ್ಧವೇ ಉಳಿದಿತ್ತು. ತಗ್ಗಿಗೆ ಕಾಲಿಡದೆ ಅಂಚಿನಿಂದ ಹೋಗಿ, ಮೊಣಕಾಲೂರಿ, ಸೆರಗನ್ನು ತಲೆ ಮೇಲೆ ಎಳೆದುಕೊಂಡು ಬಗ್ಗಿದೆ.

ಮೊದಲು ಕತ್ತಲೆ, ಬರೀ ಕತ್ತಲೆ. ಹಳೆಯ ಮಣ್ಣಿನ ತಣ್ಣನೆಯ ವಾಸನೆ ಮುಖಕ್ಕೆ ಬಡಿಯಿತು. ಕಣ್ಣು ಹೊಂದಿಕೊಂಡಂತೆ ಕೆಳಗೆ ಒಂದು ದುಂಡನೆಯ ಬೆಳಕು ಕಂಡಿತು, ಸರಿಯಾಗಿ ಮಗ್ಗದ ಕುಣಿಯ ಜಾಗದಲ್ಲಿ. ಆ ಬೆಳಕಿನೊಳಗೆ, ಕುಣಿಯೊಳಗೆ, ಒಬ್ಬ ಹೆಂಗಸು ಇದ್ದಳು. ತಲೆ ಮತ್ತು ಹೆಗಲು ಮಾತ್ರ. ತಲೆಯ ಮೇಲೆ ಸೆರಗು. ಮುಖ ಮೇಲಕ್ಕೆತ್ತಿ ನನ್ನನ್ನೇ ನೋಡುತ್ತಿದ್ದಳು. ಖಟ್ ಎಂದಿತು. ಆಕೆಯ ಮುಖ ಅಲುಗಾಡಿತು.

ಏಣಿ ಇಳಿದದ್ದು ನನಗೆ ನೆನಪಿಲ್ಲ. ಪಡಸಾಲೆಯಲ್ಲಿ ಕುಸಿದು ಕುಳಿತಾಗ ನನ್ನ ಕೈಯಿಂದ ಒಂದು ಮಣ್ಣೆತ್ತಿನ ಕೊಂಬು ಮುರಿಯಿತು. ಅತ್ತೆ ಎದ್ದು ಕುಳಿತು ನನ್ನ ಮುಖ ನೋಡಿದಳು. ನಾನು ಕಂಡದ್ದನ್ನು ತೊದಲುತ್ತ ಹೇಳಿದೆ. ಆಕೆ ಹೆದರುತ್ತಾಳೆ, ವಿಭೂತಿ ತಂದು ನನ್ನ ಹಣೆಗೆ ಹಚ್ಚುತ್ತಾಳೆ ಎಂದುಕೊಂಡಿದ್ದೆ. ಆಕೆ ಕೇಳಿದ್ದು ಬೇರೆ.

"ಹೆಂಗದಾಳ? ಭಾಳ ಸೊರಗ್ಯಾಳೇನು?"

ಅಷ್ಟು ಆಸೆಯಿಂದ ಕೇಳಿದಳು. ಆ ಮಾತಿಗೆ ನನಗಾದ ಭಯ ಕುಣಿಯಲ್ಲಿ ಕಂಡದ್ದಕ್ಕೂ ಆಗಿರಲಿಲ್ಲ. ಆಮೇಲೆ ಕೌದಿಯನ್ನು ಇನ್ನಷ್ಟು ಗೋಡೆಗೆ ಒತ್ತಿ ಹಾಸಿಕೊಂಡು ಮಲಗಿದಳು.

ಸಂಜೆ ಎತ್ತುಗಳ ಪೂಜೆ ಮುಗಿಸಿ ಹಿತ್ತಲಲ್ಲಿ ಕೈ ತೊಳೆಯಲು ಬಕೀಟಿಗೆ ಬಗ್ಗಿದೆ. ಬಕೀಟಿನ ನೀರಿನಲ್ಲಿ ಬೆಳ್ಳನೆಯ ಆಕಾಶ, ಅದರ ನಡುವೆ ಸೆರಗು ಹೊದ್ದ ಕಪ್ಪು ತಲೆ. ನಾನು ಬಾವಿಗಳಲ್ಲಿ ಮುಖ ನೋಡಿಕೊಂಡು ಬೆಳೆದ ಹುಡುಗಿ. ಹೊಲದ ಬಾವಿಗೆ ಬಗ್ಗಿ ಕೂಗು ಹಾಕಿ ಎಷ್ಟು ಬೈಸಿಕೊಂಡಿದ್ದೇನೆ! ಕುಣಿಯಲ್ಲಿ ಇದ್ದವಳು ನಾನೇ. ಅಲ್ಲಿ ನೀರು ನಿಂತಿದೆ. ಒಡೆದ ಗಡಿಗೆಯಿಂದ, ಸೋರುವ ಮಾಳಿಗೆಯಿಂದ ಇಳಿದ ಮಳೆಯೆಲ್ಲ ಕುಣಿ ತುಂಬಿದೆ. ಮಗ್ಗ ಬಿಚ್ಚುವಾಗ ಬಿಟ್ಟುಹೋದ ತುಳಿಯುವ ಹಲಗೆ ಅದರಲ್ಲಿ ತೇಲುತ್ತಿರಬೇಕು. ಮೇಲಿನಿಂದ ಹನಿ ಬಿದ್ದಾಗೊಮ್ಮೆ ಅಲುಗಾಡಿ ಕಲ್ಲಿಗೆ ಬಡಿಯುತ್ತದೆ. ಖಟ್.

ಒಬ್ಬಳೇ ಗಟ್ಟಿಯಾಗಿ ನಕ್ಕುಬಿಟ್ಟೆ. ನೇಕಾರರ ಓಣಿಯಲ್ಲಿ ಮರಕ್ಕೆ ಕಲ್ಲು ತಾಗಿದರೂ ಸಾಕು, ಮಗ್ಗವೇ. ಬೇರೆ ಊರಿನವರಾಗಿದ್ದರೆ ಇಲಿ ಅನ್ನುತ್ತಿದ್ದರು, ಬಾಗಿಲು ಅನ್ನುತ್ತಿದ್ದರು.

ಆದರೆ ನಗು ಬಹಳ ಹೊತ್ತು ಉಳಿಯಲಿಲ್ಲ. ಕುಣಿಗೂ ನಮ್ಮ ಗೋಡೆಗೂ ನಡುವೆ ಎಷ್ಟು ಅಂತರ? ಒಂದು ಹೆಜ್ಜೆಯೂ ಇಲ್ಲ. ಒಳಗೆ ಓಡಿ ಹೋಗಿ ಅತ್ತೆಯ ಕೌದಿಯ ಅಂಚು ಎತ್ತಿ ಗೋಡೆಯ ಬುಡ ಮುಟ್ಟಿದೆ. ಬೆರಳು ಒಳಗೆ ಇಳಿಯಿತು. ಹಾಲಿನಲ್ಲಿ ನೆನೆದ ರೊಟ್ಟಿಯಂತಾಗಿತ್ತು ಮಣ್ಣು. ಆ ಗೋಡೆಯ ಮೇಲೆ ಎರಡು ಮನೆಯ ತೊಲೆಗಳ ಭಾರ ಇತ್ತು, ತೊಲೆಗಳ ಮೇಲೆ ನೆನೆದ ಮಾಳಿಗೆಯ ಭಾರ ಇತ್ತು. ಕೆಳಗೆ ಅತ್ತೆ ಮಲಗಿದ್ದಳು.

ನಮ್ಮ ಮನೆಯವರಿಗೆ ತೋರಿಸಿದೆ. ಅವರು ಅವತ್ತೇ ಮಾಳಿಗೆಗೆ ಹತ್ತಿ ಬೆಳಕಿಂಡಿಗೆ ತಾಡಪತ್ರಿ ಹೊದಿಸಿ ಬಂದರು, ಜಮಖಂಡಿಗೆ ಫೋನ್ ಹಚ್ಚಿದರು. ಮಗ್ಗುಲ ಮನೆಯಾಕೆಯ ಮಗ ರವಿವಾರ ಕೀಲಿ ತರುತ್ತೇನೆ ಎಂದ. ಬೀಗ ಒಡೆಯೋಣ ಎಂದೆ ನಾನು. "ಮಂದಿ ಮನಿ ಕೀಲಿ ಒಡಿಯೂದು ಛಲೋ ಅಲ್ಲ. ರವಿವಾರ ಏನ ದೂರ ಐತಿ?" ಎಂದರು. ಕರೆಂಟಿನ ಮಗ್ಗಗಳನ್ನು ಮಾತ್ರ ನಿಲ್ಲಿಸಿದರು, ಗೋಡೆ ಅದುರಬಾರದೆಂದು. ಹೀಗಾಗಿ ಅಮಾವಾಸ್ಯೆ ಮುಗಿದರೂ ನಮ್ಮ ಮನೆಯೊಳಗೆ ಮುಗಿಯಲಿಲ್ಲ. ಅಂಥ ಮನೆಯಲ್ಲಿ ಆ ಒಂದೇ ಸದ್ದು. ನೆನೆದ ಮಾಳಿಗೆ ಹನಿಯುತ್ತಲೇ ಇತ್ತು, ಹಲಗೆ ಬಡಿಯುತ್ತಲೇ ಇತ್ತು. ಅದು ಹಲಗೆ ಎಂದು ಗೊತ್ತಿದ್ದೂ, ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ನನ್ನ ಬೆನ್ನು ತಣ್ಣಗಾಗುತ್ತಿತ್ತು.

ನನಗೆ ಬೇಕಾದದ್ದು ಒಂದೇ: ಅತ್ತೆ ಆ ಗೋಡೆ ಬಿಟ್ಟು ಏಳಬೇಕು. ಕೌದಿಯನ್ನು ನಾನು ಈ ಬದಿಗೆ ಎಳೆದು ಹಾಸುತ್ತಿದ್ದೆ, ನೀರಿಗೆ ಹೋಗಿ ಬರುವಷ್ಟರಲ್ಲಿ ಅದು ಗೋಡೆಗೆ ಹೋಗಿ ಕುಳಿತಿರುತ್ತಿತ್ತು. ಇವರು ಎತ್ತಿಕೊಂಡು ದೇವರಕೋಣೆಗೆ ಒಯ್ದರೆ ಕೂಸಿನ ಹಾಗೆ ರಂಪ ಮಾಡಿ ತೆವಳುತ್ತ ವಾಪಸ್ಸು ಬರುತ್ತಿದ್ದಳು. ಮಗಳ ಊರು ಬೀಳಗಿಗೆ ನಾಲ್ಕು ದಿನ ಹೋಗಿ ಬನ್ನಿ ಎಂದರೆ, ನೀನೇ ಹೋಗು ಎಂದಳು. ಕೈ ಮುಗಿದೆ, ಬೈದೆ, ಊಟ ಬಿಟ್ಟೆ. ಕೊನೆಗೆ ಎದುರಿಗೆ ಕುಳಿತು ಬಿಡಿಸಿ ಹೇಳಿದೆ.

"ಅತ್ತಿ, ಅದು ನೀರ್ರಿ. ನಾ ನೋಡಿದ್ದು ನನ್ನ ಮಾರೀನ. ಸಪ್ಪಳಾ ಹಲಗೀದು. ಗ್ವಾಡಿ ನೆನದೈತಿ, ಬೀಳತೈತ್ರಿ."

ಆಕೆ ಪೂರ್ತಿ ಕೇಳಿದಳು. ದಡ್ಡಿಯಲ್ಲ ಆಕೆ, ಅರ್ಥವಾಗದೇ ಇರಲಿಲ್ಲ.

"ನಿನಗ ನಿನ್ನ ಮಾರಿ ಕಂಡತು, ಖರೆ. ನನಗ ಅಕಿ ಸಪ್ಪಳ ಕೇಳತೈತಿ. ಅಕಿ ನೇಯೂತನಕಾ ನಾ ಏಳಾಕಿ ಅಲ್ಲ, ನೋಡವಾ."

ಆಗ ನನಗೆ ಅಳು ಬಂತು. ಈ ಮನೆಗೆ ಬಂದಾಗಿನಿಂದ ಜಗಳವಾಡಿದ್ದೇ ಹೆಚ್ಚು, ಆದರೂ ಈ ಮುದುಕಿ ಇಲ್ಲದ ಪಡಸಾಲೆಯನ್ನು ನೆನೆಯಲು ನನ್ನಿಂದ ಆಗಲಿಲ್ಲ. ಅದನ್ನು ಹೇಳಲೂ ಬರಲಿಲ್ಲ, ಮೂಗು ಒರೆಸಿಕೊಂಡು ಎದ್ದು ಹೋದೆ. ಇವರು ಎರಡು ಬಡಿಗೆಗಳನ್ನು ತಂದು ತೊಲೆಗೆ ಆಸರೆ ಕೊಟ್ಟರು. ನೆಲವೇ ಮೆತ್ತಗಾದಲ್ಲಿ ಬಡಿಗೆ ಏನು ಮಾಡೀತು?

ಶನಿವಾರ ಬೆಳಗ್ಗೆ ಇವರು ರವಿವಾರದವರೆಗೆ ಕಾಯಲಾರೆ ಎಂದು ಕೀಲಿ ತರಲು ತಾವೇ ಗಾಡಿ ತೆಗೆದುಕೊಂಡು ಜಮಖಂಡಿಗೆ ಹೋದರು. ಸಣ್ಣಗೆ ಮಳೆ ಬಂದು ನಿಂತಿತ್ತು. ಹತ್ತರ ಹೊತ್ತಿಗೆ ಕರೆಂಟ್ ಹೋಯಿತು, ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ಸುಮ್ಮನಾದವು. ನಾನು ರೊಟ್ಟಿ ಬಡಿಯುತ್ತಿದ್ದೆ. ಗೋಡೆಯ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಖಟ್. ನಾನು ನನಗೇ ತಿಳಿಯದಂತೆ ಅದೇ ಲಯಕ್ಕೆ ರೊಟ್ಟಿ ಬಡಿಯುತ್ತಿದ್ದೆ. ಖಟ್. ಕೈ ಎತ್ತಿದೆ. ಸದ್ದು ಬರಲಿಲ್ಲ.

ಎತ್ತಿದ ಕೈ ಅಲ್ಲೇ ನಿಂತಿತು. ಇಷ್ಟು ವರ್ಷಕ್ಕೆ ನಾನೂ ಆ ಓಣಿಯವಳಾಗಿಬಿಟ್ಟಿದ್ದೆನೇನೋ. ನಿಂತದ್ದು ಕಿವಿಗೆ ಬಡಿಯಿತು.

ಪಡಸಾಲೆಯಲ್ಲಿ ಅತ್ತೆಯ ದನಿ. "ಏ ತಂಗಿ, ಯಾಕ ನಿಂತತು?"

ಕಿಂಡಿಗೆ ಇಟ್ಟಂಗಿ ಬಡಿದಿತ್ತು. ಉತ್ತರ ಎಲ್ಲಿಂದ ಬರಬೇಕು? ಸ್ವಲ್ಪ ಹೊತ್ತು ಕಾದಳು. ಆಮೇಲೆ ಬಳೆಯ ಸದ್ದು, ಕೋಲು ಊರಿದ ಸದ್ದು, ಮೆಟ್ಟಿಲು ಇಳಿದ ಸದ್ದು. ನಾನು ಹಿಟ್ಟಿನ ಕೈಯಲ್ಲೇ ಹೊರಬಂದೆ. ಕೌದಿ ಖಾಲಿ. ಬೀದಿಯ ಬಾಗಿಲು ತೆರೆದಿತ್ತು.

"ಅತ್ತಿ, ಎಲ್ಲಿ ಹೊಂಟ್ರಿ?"

ಬಾಗಿಲು ದಾಟಿ ಕಟ್ಟೆಗೆ ಬಂದಾಗ ಆಕೆ ಮಗ್ಗುಲ ಮನೆಯ ಬಾಗಿಲಲ್ಲಿ ನಿಂತದ್ದು ಕಂಡಿತು. ಒಂದು ಕೈಯಲ್ಲಿ ಬೀಗದ ಚಿಲಕ, ಬಾಗಿಲ ಸಂದಿಗೆ ಕಿವಿ. ಏನನ್ನೋ ಕೇಳಿಸಿಕೊಂಡು ಹೂಂ ಎನ್ನುವವರ ಹಾಗೆ ತಲೆ ಆಡಿಸುತ್ತಿದ್ದಳು. ನಾನು ಕಟ್ಟೆ ಇಳಿದು ಅವಳ ರಟ್ಟೆ ಹಿಡಿದು ಬೀದಿಯ ನಡುವಿಗೆ ಎಳೆದೆ. ಆಗ ಹಿಂದೆ ನೆಲ ಗುಡುಗಿತು.

ಕಣ್ಣು ಬಿಟ್ಟಾಗ ನಮ್ಮ ಬಾಗಿಲಿನಿಂದಲೂ ಬೀಗ ಹಾಕಿದ ಬಾಗಿಲ ಸಂದಿಯಿಂದಲೂ ಒಂದೇ ಬಣ್ಣದ ಧೂಳು ಹೊರಗೆ ಬರುತ್ತಿತ್ತು. ಓಣಿಯವರೆಲ್ಲ ಓಡಿಬಂದರು. ಧೂಳು ಇಳಿದ ಮೇಲೆ ನಮ್ಮ ಬಾಗಿಲಲ್ಲಿ ನಿಂತು ನೋಡಿದೆ. ನಡುವಿನ ಗೋಡೆ ಇರಲಿಲ್ಲ. ಅದರಾಚೆ ನಮ್ಮದೇ ಮನೆ, ಆದರೆ ಎಲ್ಲ ತಿರುಗುಮುರುಗು: ಎಡಕ್ಕಿರಬೇಕಾದ ಕಂಬ ಬಲಕ್ಕೆ, ಬಲಕ್ಕಿರಬೇಕಾದ ದೀಪದ ಗೂಡು ಎಡಕ್ಕೆ. ಕತ್ತಲಲ್ಲಿ ಇಷ್ಟು ವರ್ಷ ನಮಗೆ ಬೆನ್ನು ಹಚ್ಚಿ ಕುಳಿತಿದ್ದ ಮನೆ ಆಕಾಶದ ಬೆಳಕಿಗೆ ಬಾಯಿ ತೆರೆದಿತ್ತು. ಕುಣಿಯ ಅರ್ಧ ಕಲ್ಲಿನಡಿ ಹೋಗಿತ್ತು. ಉಳಿದರ್ಧದಲ್ಲಿ ನೀರಿನ ಹನಿಯೂ ಇರಲಿಲ್ಲ, ಒದ್ದೆ ಗುರುತು ಮಾತ್ರ. ನೀರೆಲ್ಲ ಒಮ್ಮೆಗೇ ಗೋಡೆಯ ಬುಡಕ್ಕೆ ನುಗ್ಗಿ ಹೋಗಿತ್ತು. ನೀರು ಇಳಿದಾಗ ಹಲಗೆ ತಳಕ್ಕೆ ಕುಳಿತಿತ್ತು, ಅದಕ್ಕೇ ಸದ್ದು ನಿಂತದ್ದು. ಅತ್ತೆಯ ಕೌದಿ ಇದ್ದ ಜಾಗದಲ್ಲಿ ತೊಲೆ ಬಿದ್ದಿತ್ತು, ಅದರ ಮೇಲೆ ಮಾಳಿಗೆಯ ಮಣ್ಣು ಎದೆಮಟ.

ಬಂದವರಿಗೆಲ್ಲ ನಾನು ಇದನ್ನೇ ವಿವರಿಸಿದೆ, ಈಗಲೂ ಕೇಳಿದವರಿಗೆ ವಿವರಿಸುತ್ತೇನೆ. ನೀರು, ಹಲಗೆ, ಮಣ್ಣು. ಒಂದೂ ಸುಳ್ಳಲ್ಲ.

ಅವತ್ತು ಮಧ್ಯಾಹ್ನ ಎದುರುಮನೆಯ ಕಟ್ಟೆಯ ಮೇಲೆ ಅತ್ತೆಯನ್ನು ಕೂರಿಸಿ, ಮುಖಕ್ಕೆ ಮೆತ್ತಿದ ಧೂಳನ್ನು ಒದ್ದೆ ಸೆರಗಿನಿಂದ ಒರೆಸುತ್ತಿದ್ದೆ. ಸಿಟ್ಟು, ಸಮಾಧಾನ ಎರಡೂ ಒಟ್ಟಿಗೇ ಬಂದು ಕೇಳಿದೆ.

"ಇಷ್ಟ ದಿನಾ ಕಾಲಿಗೆ ಬಿದ್ರೂ ಏಳಲಿಲ್ಲ. ಇವತ್ತ ಯಾಕ ಎದ್ರಿ?"

"ಮಗ್ಗ ನಿಂತ್ರ ಕೇಳಬೇಕಲ್ಲವಾ" ಎಂದಳು.

"ಕೇಳಿದ್ರೇನು?"

"ಕೇಳಿದೆ. ದಾರ ಹರದೈತಿ ಅಂದ್ಲು. ಬರಲೇನು ಅಂದೆ."

ನಾನು ಒರೆಸುವುದನ್ನು ನಿಲ್ಲಿಸಿದೆ. ಆಕೆ ಬಿದ್ದ ಮನೆಯ ಕಡೆ ನೋಡುತ್ತ, ಅಲ್ಲಿ ಏನೂ ಬಿದ್ದೇ ಇಲ್ಲವೇನೋ ಎನ್ನುವಷ್ಟು ತಣ್ಣಗೆ ಹೇಳಿದಳು.

"ಈಗ ಬ್ಯಾಡ ಯಕ್ಕಾ, ಆಮ್ಯಾಗ ಬಾ, ಅಂದ್ಲು."